ಅಂಗಿಯ ಐದು ಗುಂಡಿ

ಅನ್ನಪೂರ್ಣವ್ವನ ಕೈ ಎಂಥದ್ದು ಎಂದು ತಿಳಿಯಬೇಕಾದರೆ ಅವಳ ವಾರ್ಡಿನಲ್ಲಿ ಒಂದು ದಿನ ಮಲಗಬೇಕು. ಬೇಡ ಬಿಡಿ, ಆ ಗತಿ ಯಾರಿಗೂ ಬಾರದಿರಲಿ. ಆದರೆ ಮಲಗಿ ಎದ್ದವರು ಹೇಳುತ್ತಾರೆ: ಬಾಯಾರಿತು ಎಂದು ತಲೆ ಹೊರಳಿಸುವುದರೊಳಗೆ ಲೋಟ ತುಟಿಗೆ ಬಂದಿರುತ್ತದೆ, ಬೆನ್ನು ನೋಯುವ ಮೊದಲೇ ಮಗ್ಗುಲು ಬದಲಾಗಿರುತ್ತದೆ. ಇಪ್ಪತ್ತಾರು ವರ್ಷದಲ್ಲಿ ಅವಳ ಕೈಕೆಳಗೆ ಒಬ್ಬನೇ ಒಬ್ಬ ರೋಗಿಗೆ ಹಾಸಿಗೆ ಹುಣ್ಣಾಗಿಲ್ಲ. ಇದನ್ನು ಅವಳೇ ಎಲ್ಲರಿಗೂ ಹೇಳುತ್ತಾಳೆ, ಕೇಳದಿದ್ದರೂ ಹೇಳುತ್ತಾಳೆ.

ಹುಟ್ಟಿದ್ದು ಗಜೇಂದ್ರಗಡದಲ್ಲಿ, ನರ್ಸಿಂಗ್ ಕಲಿತದ್ದು ಹುಬ್ಬಳ್ಳಿಯಲ್ಲಿ. ಅಲ್ಲಿಯ ಮೇಟ್ರನ್ ಮಹಾ ಜೋರಿನ ಹೆಂಗಸು. ಅವರು ಕಲಿಸಿದ್ದು ಒಂದೇ ಮಾತು: ರೋಗಿ ಬೆರಳು ಎತ್ತುವುದರೊಳಗೆ ನೀನು ಅಲ್ಲಿರಬೇಕು. ಅನ್ನಪೂರ್ಣವ್ವ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡೇ ಸಿಂಗಪುರಕ್ಕೆ ಬಂದಳು. ಗಂಡ ಈರಬಸಪ್ಪ ಜುರಾಂಗ್ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಬೂನ್ ಲೇಯಲ್ಲಿ ಮನೆ. ಮನೆಯಲ್ಲೂ ಅದೇ ಕಾರುಬಾರು. ತನ್ನ ಕಾಲುಚೀಲ ಯಾವ ಕಪಾಟಿನಲ್ಲಿ ಇರುತ್ತವೆ ಎಂಬುದು ಈರಬಸಪ್ಪನಿಗೆ ಇವತ್ತಿಗೂ ಗೊತ್ತಿಲ್ಲ, ಪಾಪ.

ಇಂಥವಳ ವಾರ್ಡಿಗೆ ವರ್ಣಿಕಾ ಬಂದಳು.

ವರ್ಣಿಕಾಗೆ ಇಪ್ಪತ್ತೊಂಬತ್ತು. ಅಪ್ಪ ಅಮ್ಮ ಬೆಂಗಳೂರಿನವರು, ಮಗಳು ಬೆಳೆದದ್ದೆಲ್ಲ ಇಲ್ಲೇ, ಬ್ಯೂನಾ ವಿಸ್ಟಾದ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ. ನರ್ಸಿಂಗಿನಲ್ಲಿ ಮಾಸ್ಟರ್ಸ್ ಮಾಡಿ, ನರ್ಸುಗಳಿಗೇ ಪಾಠ ಹೇಳುವ ಹುದ್ದೆ ಹಿಡಿದು ಬಂದಿದ್ದಳು. ಆಸ್ಪತ್ರೆ ಹೊಸ ಪದ್ಧತಿಯೊಂದನ್ನು ಈ ವಾರ್ಡಿನಲ್ಲಿ ಪರೀಕ್ಷೆಗೆ ಇಟ್ಟಿತ್ತು, ಅದರ ಹೊಣೆ ಇವಳದು. ಪದ್ಧತಿ ಗೆದ್ದರೆ ಕೆಲಸ ಕಾಯಂ, ಸೋತರೆ ಮನೆಗೆ.

ಮೊದಲ ಪಾಠದ ದಿನ ವರ್ಣಿಕಾ ಪರದೆಯ ಮೇಲೆ ಚಿತ್ರ ಹಾಕಿ ನಿಂತಳು. ನರ್ಸುಗಳು ಮೊದಲು ನೋಡಿಕೊಂಡದ್ದು ಗಾಳಿ, ಬೆಳಕು, ಶುಚಿ ಎಂದು ಶುರು ಮಾಡಿದಳು. ಸುತ್ತಲಿನದು ಸರಿಯಿದ್ದರೆ ಮೈ ತಾನೇ ವಾಸಿಯಾಗುತ್ತದೆ ಎಂಬ ನಂಬಿಕೆ. ಆಮೇಲೆ ಇನ್ನೊಂದು ವಿಚಾರ ಬಂತು: ರೋಗಿಗೆ ಶಕ್ತಿ ಇದ್ದಿದ್ದರೆ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸವನ್ನು ನರ್ಸ್ ಮಾಡಬೇಕು.

"ಹಾಂ, ಇದು ಮಾತು," ಎಂದಳು ಅನ್ನಪೂರ್ಣವ್ವ, ಎಲ್ಲರಿಗೂ ಕೇಳುವ ಹಾಗೆ.

"ಇನ್ನೂ ಮುಗಿದಿಲ್ಲ ಸಿಸ್ಟರ್," ಎಂದಳು ವರ್ಣಿಕಾ. "ಮಾಡ್ಬೇಕು, ಆದ್ರೆ ಆದಷ್ಟು ಬೇಗ ಆ ಕೆಲಸ ವಾಪಸ್ ಅವರಿಗೇ ಕೊಡೋ ಥರ ಮಾಡ್ಬೇಕು. ಅಲ್ಲಿಂದ ಮುಂದೆ ಬಂದಿದ್ದು ನಮ್ಮ ಮಾಡೆಲ್. ಪೇಷೆಂಟ್ ಏನು ಮಾಡ್ಕೋಬಲ್ಲರೋ ಅದನ್ನ ಅವರೇ ಮಾಡ್ಕೋಬೇಕು. ಎಷ್ಟು ಕಮ್ಮಿ ಬೀಳುತ್ತೋ ಅಷ್ಟು ಮಾತ್ರ ನಾವು."

ಕಮ್ಮಿ ಬಿದ್ದಷ್ಟು ನಾವು ಎಂಬ ಕೊನೆಯ ಮಾತು ಅನ್ನಪೂರ್ಣವ್ವನ ಕಿವಿಗೇ ಹೋಗಲಿಲ್ಲ. ಸಿಟ್ಟು ಬಂದರೆ ಅವಳ ನಾಲಿಗೆ ಗಜೇಂದ್ರಗಡಕ್ಕೆ ಹೋಗಿಬಿಡುತ್ತದೆ. "ಏನವ್ವಾ, ಜೀವ ಹಿಡಕೊಂಡು ಮಲಗಿದವರಿಗೆ ನೀವ ಎದ್ದು ಮಾಡ್ಕೋರಿ ಅನ್ನೂದು ಥಿಯರಿ ಏನು? ನಮ್ಮ ಕಡೆ ಅದಕ್ಕ ಮೈಗಳ್ಳತನ ಅಂತಾರ."

ವರ್ಣಿಕಾಳ ಮುಖ ಕೆಂಪಾಯಿತು. "ನನಗೆ ಥಿಯರಿ ಬೇಡ ಅನ್ನೋರ ಹತ್ರಾನೂ ಒಂದು ಥಿಯರಿ ಇರುತ್ತೆ ಸಿಸ್ಟರ್. ಹಳೇದು, ಅಷ್ಟೇ. ಯಾರೂ ಚೆಕ್ ಮಾಡಿರಲ್ಲ."

"ಪುಸ್ತಕದ ಬದನೆಕಾಯಿ," ಎಂದು ಅನ್ನಪೂರ್ಣವ್ವ ಎದ್ದು ಹೋದಳು.

ಅಂದಿನಿಂದ ಇಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ. ಒಬ್ಬಳು ಲಿಫ್ಟಿಗೆ ಹೊಕ್ಕರೆ ಇನ್ನೊಬ್ಬಳು ಮೆಟ್ಟಿಲು ಹಿಡಿಯುವಳು. ಕನ್ನಡದಲ್ಲಿ ಬೈದರೆ ಇಲ್ಲಿ ಯಾರಿಗೂ ತಿಳಿಯದು ಎಂಬ ಸುಖ ಅನ್ನಪೂರ್ಣವ್ವನಿಗೆ ಇಪ್ಪತ್ತು ವರ್ಷದಿಂದ ಇತ್ತು. ಈ ಹುಡುಗಿ ಅದನ್ನೂ ಕಿತ್ತುಕೊಂಡಿದ್ದಳು.

ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಹೊಸ ಪದ್ಧತಿಗೆ ಒಂದು ಲಿಖಿತ ಪರೀಕ್ಷೆ ಇತ್ತು, ಅದರಲ್ಲಿ ಅನ್ನಪೂರ್ಣವ್ವ ಫೇಲಾದಳು. ವಾರ್ಡಿನ ಮುಖ್ಯಸ್ಥೆ ಮೇಡಂ ಕ್ವೆಕ್ ಕರೆದು ಹೇಳಿದರು: ಇನ್ನೊಂದು ಅವಕಾಶ ಇದೆ. ಒಬ್ಬ ರೋಗಿಯನ್ನು ಈ ಪದ್ಧತಿಯಲ್ಲಿ ನೋಡಿಕೊಂಡು, ದಿನದಿನದ ಹಾಳೆ ತುಂಬಿ, ಸುಧಾರಣೆ ತೋರಿಸಬೇಕು. ಆಗದಿದ್ದರೆ ಕೆಳಗಿನ ಅಪಾಯಿಂಟ್‌ಮೆಂಟ್ ಕೌಂಟರಿಗೆ ಹೋಗಬೇಕು. ಸಂಬಳ ಅದೇ. ರೋಗಿಯನ್ನು ಮುಟ್ಟುವ ಕೆಲಸ ಮಾತ್ರ ಇರುವುದಿಲ್ಲ.

ಮುಟ್ಟದ ನರ್ಸ್! ಅನ್ನಪೂರ್ಣವ್ವ ಮನೆಗೆ ಬಂದು ಅತ್ತಳು. ಈರಬಸಪ್ಪ, "ಕೂತು ಮಾಡೂ ಕೆಲಸ ಸಿಕ್ಕೈತಿ, ಮೊಣಕಾಲರ ಉಳೀತಾವ," ಎಂದು ಸಮಾಧಾನ ಮಾಡಲು ಹೋಗಿ ಚೆನ್ನಾಗಿ ಬೈಸಿಕೊಂಡ.

ಅವಳ ಪಾಲಿಗೆ ಬಂದ ರೋಗಿ ಮುಕುಂದ, ಕನ್ನಡದವರೇ. ಅರವತ್ತೊಂದು ವಯಸ್ಸು, ತಂಜಾಂಗ್ ಪಗಾರಿನ ಬ್ಯಾಂಕೊಂದರಲ್ಲಿ ದೊಡ್ಡ ಕುರ್ಚಿಯಲ್ಲಿ ಇದ್ದವರು. ಪಾರ್ಶ್ವವಾಯು ಹೊಡೆದು ಬಲಗೈ ಸೋತಿತ್ತು. ಹೆಂಡತಿ ಪದ್ಮಿನಿ ಬೆಳಗಿನ ಹೊತ್ತು ಒಂದು ಟ್ಯೂಷನ್ ಸೆಂಟರಿನಲ್ಲಿ ಪಾಠ ಮಾಡುತ್ತಿದ್ದರು, ಮಧ್ಯಾಹ್ನ ಓಡಿ ಬರುತ್ತಿದ್ದರು. ಹಾಸಿಗೆಯ ಕಾಲಿನ ಕಡೆ ದಿನಕ್ಕೊಂದರಂತೆ ಹಾಳೆ ನೇತು ಹಾಕಿತ್ತು. ಅದರಲ್ಲಿ ಮೂರೇ ಕೆಲಸ: ಅಂಗಿಯ ಐದು ಗುಂಡಿ ಹಾಕಿಕೊಳ್ಳುವುದು, ಚಮಚದಲ್ಲಿ ತಿಂಡಿ ತಿನ್ನುವುದು, ಬಲಗೈಯಲ್ಲಿ ಟೀ ಕಪ್ ಹಿಡಿಯುವುದು. 'ತಾನೇ ಮಾಡಿದರು', 'ಸಹಾಯ ಬೇಕಾಯಿತು' ಎಂದು ಎರಡು ಚೌಕ. ಯಾವುದೋ ಒಂದಕ್ಕೆ ಟಿಕ್ ಹಾಕಿ ಸಹಿ ಮಾಡಬೇಕು.

ಮೊದಲ ದಿನ ವರ್ಣಿಕಾ ಎದುರಿಗೇ ನಿಂತು ನೋಡಿದಳು. ಮುಕುಂದರ ಬೆರಳು ಗುಂಡಿಯನ್ನು ಹಿಡಿಯುವುದು, ಅದು ಜಾರುವುದು, ಮತ್ತೆ ಹಿಡಿಯುವುದು. ಹಣೆ ಬೆವರಿ, ಕಣ್ಣಲ್ಲಿ ನೀರು ಬಂತು. ಇಪ್ಪತ್ತಮೂರು ನಿಮಿಷದಲ್ಲಿ ಎರಡು ಗುಂಡಿ. "ವೆರಿ ಗುಡ್ ಅಂಕಲ್!" ಎಂದಳು ವರ್ಣಿಕಾ. ಅನ್ನಪೂರ್ಣವ್ವನಿಗೆ ಅವಳ ಕೆನ್ನೆಗೆ ಎರಡು ಬಿಗಿಯಬೇಕು ಎನಿಸಿತು.

ಮರುದಿನದಿಂದ ವರ್ಣಿಕಾ ಬೆಳಗಿನ ಹೊತ್ತು ಬೇರೆ ವಾರ್ಡುಗಳ ಪಾಠಕ್ಕೆ ಹೋಗತೊಡಗಿದಳು. ಅನ್ನಪೂರ್ಣವ್ವ ಸುತ್ತಲ ಪರದೆ ಎಳೆದಳು.

"ಕೈ ತೆಗೀರಿ ಸರ್, ನಾನ್ ಹಾಕ್ತೀನಿ."

"ಆ ಹುಡುಗಿಗೆ ಗೊತ್ತಾದ್ರೆ?" ಎಂದರು ಮುಕುಂದ.

"ಯಾರು ಹೇಳ್ತಾರೆ? ನೀವು ಹೇಳ್ತೀರಾ?"

ಮುಕುಂದ ನಕ್ಕರು. ಪಾರ್ಶ್ವವಾಯು ಬಂದಮೇಲೆ ಅವರು ನಕ್ಕದ್ದು ಅದೇ ಮೊದಲು. ಐದು ಗುಂಡಿ ಹತ್ತು ಸೆಕೆಂಡಿನಲ್ಲಿ ಬಿದ್ದವು. ತಿಂಡಿ ಚಮಚದಲ್ಲಿ ಬಾಯಿಗೆ ಹೋಯಿತು. ಕಪ್ಪನ್ನು ಅವಳೇ ತುಟಿಗೆ ಹಿಡಿದಳು. ಆಮೇಲೆ ಹಾಳೆ ತೆಗೆದುಕೊಂಡು ಮೂರು ಕಡೆಯೂ 'ತಾನೇ ಮಾಡಿದರು' ಎಂದು ಟಿಕ್ ಹಾಕಿ ಸಹಿ ಮಾಡಿದಳು. ಕಾಗದದ ಆಟ ತಾನೇ, ಕಾಗದಕ್ಕೆ ಬೇಕಾದ್ದು ಕಾಗದಕ್ಕೆ, ರೋಗಿಗೆ ಬೇಕಾದ್ದು ರೋಗಿಗೆ ಎಂದುಕೊಂಡಳು. ಒಂಚೂರೂ ಅಳುಕಲಿಲ್ಲ.

ಹೀಗೆ ಹದಿನೆಂಟು ದಿನ. ವ್ಯಾಯಾಮದ ಕೋಣೆಯಲ್ಲಿ ಮುಕುಂದ ಎಡಗೈಯ ಆಸರೆಯಲ್ಲಿ ಅಷ್ಟಿಷ್ಟು ಮಾಡಿ ತೋರಿಸುತ್ತಿದ್ದರು. ಮಿಕ್ಕಿದ್ದಕ್ಕೆ ಎಲ್ಲರೂ ನಂಬಿದ್ದು ಹಾಸಿಗೆಯ ಹಾಳೆಯನ್ನೇ. ಹಾಳೆ ನೋಡಿ ಡಾಕ್ಟರು ಖುಷಿಪಟ್ಟರು, ಮೇಡಂ ಕ್ವೆಕ್ ಅನ್ನಪೂರ್ಣವ್ವನ ಬೆನ್ನು ತಟ್ಟಿದರು. ಪದ್ಮಿನಿ ಮನೆಗೆ ಆಳು ಇಡಬೇಕೇ ಎಂದು ಕೇಳಿದಾಗ ವರ್ಣಿಕಾ ಹಾಳೆ ತೆಗೆದು ತೋರಿಸಿ, "ಬೇಡ ಆಂಟಿ, ಅಂಕಲ್ ಎಲ್ಲಾ ಮ್ಯಾನೇಜ್ ಮಾಡ್ತಾರೆ," ಎಂದಳು. ಅನ್ನಪೂರ್ಣವ್ವ ಪಕ್ಕದಲ್ಲೇ ದಿಂಬಿನ ಚೀಲ ಬದಲಿಸುತ್ತಿದ್ದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಮನೆಯಲ್ಲಿ ಹೆಂಡತಿ ನೋಡಿಕೊಳ್ಳುತ್ತಾಳೆ ಬಿಡು ಎಂದುಕೊಂಡಳು. ಈರಬಸಪ್ಪನನ್ನು ತಾನು ನೋಡಿಕೊಳ್ಳುವುದಿಲ್ಲವೇ, ಹಾಗೆ.

ಮನೆಗೆ ಹೋದ ಮೂರನೆಯ ದಿನ, ಪದ್ಮಿನಿ ಕೆಲಸಕ್ಕೆ ಹೋಗಿದ್ದಾಗ, ಮುಕುಂದ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು ಬಲಗೈಯಲ್ಲಿ ಎತ್ತಲು ಹೋದರು. ಕಪ್ಪು ಜಾರಿ ಫ್ಲಾಸ್ಕಿಗೆ ಬಡಿದು ಎರಡೂ ತೊಡೆಯ ಮೇಲೆ ಮಗುಚಿಕೊಂಡವು. ಫೋನು ಒಳಗಿನ ಕೋಣೆಯಲ್ಲಿತ್ತು. ಪದ್ಮಿನಿ ಬಂದು ಬಾಗಿಲು ತೆಗೆಯುವವರೆಗೆ ಸುಟ್ಟ ತೊಡೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದರು.

ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು ಅದೇ ವಾರ್ಡಿಗೆ ವಾಪಸು ಬಂದರು. ಮರುದಿನ ಮೇಡಂ ಕ್ವೆಕ್ ಅವರ ಕೋಣೆಯಲ್ಲಿ ಸಭೆ. ಪದ್ಮಿನಿ ಕೂರಲೇ ಇಲ್ಲ. ನೇರವಾಗಿ ವರ್ಣಿಕಾಳ ಮುಂದೆ ಹೋಗಿ ನಿಂತರು.

"ನಿನ್ನ ಎಕ್ಸ್‌ಪೆರಿಮೆಂಟ್‌ಗೆ ನನ್ನ ಗಂಡಾನೇ ಬೇಕಿತ್ತೇನೇ? ನೀನೂ ನಿನ್ನ ಥಿಯರಿನೂ! ಒಂದು ಕಪ್ ಹಿಡಿಯೋಕೆ ಬರ್ದೇ ಇರೋ ಮನುಷ್ಯನ್ನ ಮ್ಯಾನೇಜ್ ಮಾಡ್ತಾರೆ ಅಂತ ಕಳಿಸಿದ್ಯಲ್ಲೇ!"

ಪದ್ಧತಿಯನ್ನು ಇಂದಿನಿಂದಲೇ ನಿಲ್ಲಿಸುವುದಾಗಿ, ವರ್ಣಿಕಾಳ ಕೆಲಸದ ವಿಷಯ ಮೇಲಿನವರು ನೋಡುವುದಾಗಿ ಮೇಡಂ ಕ್ವೆಕ್ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಮೂಲೆಯ ಕುರ್ಚಿಯಲ್ಲಿದ್ದ ಅನ್ನಪೂರ್ಣವ್ವನಿಗೆ, ಸುಳ್ಳೇಕೆ ಹೇಳಬೇಕು, ಒಂದು ಗಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹುಡುಗಿ ಹೋಗುತ್ತಾಳೆ, ಪರೀಕ್ಷೆ ಹೋಗುತ್ತದೆ, ವಾರ್ಡು ಉಳಿಯುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ವರ್ಣಿಕಾ ಹದಿನೆಂಟೂ ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು.

"ತಪ್ಪು ಎಲ್ಲಾಯ್ತೋ ನನಗೆ ಗೊತ್ತಾಗ್ತಿಲ್ಲ ಆಂಟಿ. ಮನೆಗೆ ಹೋದ್ಮೇಲೆ ಏನೋ ಆಗಿದೆ. ಹಾಳೆ ತಪ್ಪಿರೋಕೆ ಚಾನ್ಸೇ ಇಲ್ಲ. ಎಲ್ಲಾ ಅನ್ನಪೂರ್ಣ ಸಿಸ್ಟರ್ ಬರೆದಿರೋದು. ನನ್ನ ಕಂಡ್ರೆ ಅವರಿಗೆ ಆಗಲ್ಲ, ನನಗೂ ಅವರನ್ನ ಕಂಡ್ರೆ ಆಗಲ್ಲ. ಆದ್ರೆ ಪೇಷೆಂಟ್ ವಿಷಯದಲ್ಲಿ ಅವರು ಸುಳ್ಳು ಬರೆಯೋರಲ್ಲ. ಅದು ಮಾತ್ರ ಗ್ಯಾರಂಟಿ."

ಅಯ್ಯೋ ಶಿವನೇ! ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಹೊಡೆದಿದ್ದರೂ ಆಗುತ್ತಿತ್ತು. ಈ ಹುಡುಗಿ, ಈ ಶತ್ರು, ತಾನು ಮುಳುಗುವ ಹೊತ್ತಿನಲ್ಲಿ ನಿಂತು ಅನ್ನಪೂರ್ಣವ್ವನ ಸತ್ಯಕ್ಕೆ ಜಾಮೀನು ಕೊಡುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಅವಳ ಬಗ್ಗೆ ಯಾರೂ ಇಷ್ಟು ದೊಡ್ಡ ಮಾತು ಆಡಿರಲಿಲ್ಲ.

"ಬರದೀನಿ," ಎಂದಳು.

ಎಲ್ಲರೂ ತಿರುಗಿದರು.

"ಸುಳ್ಳ ಬರದೀನಿ. ಈ ಹದಿನೆಂಟು ದಿನದಾಗ ಒಂದು ದಿನಾನೂ ಅವರು ಗುಂಡಿ ಹಾಕ್ಕೊಂಡಿಲ್ಲ. ನಾನ ಹಾಕೀನಿ. ನಾನ ತಿನ್ನಿಸೀನಿ. ಕಪ್ ಹಿಡದಾಕಿನೂ ನಾನ. ಟಿಕ್ಕೂ ನಂದ." ಮತ್ತೆ ಅದನ್ನೇ ಮೇಡಂ ಕ್ವೆಕ್ ಅವರಿಗೆ ತನ್ನ ಒರಟು ಇಂಗ್ಲಿಷಿನಲ್ಲಿ ಹೇಳಿದಳು.

ಪದ್ಮಿನಿ ಕುಸಿದು ಕೂತರು. ವರ್ಣಿಕಾ ಮಾತ್ರ ಎದ್ದು ಬಂದಳು. ತಬ್ಬಿಕೊಂಡಳೇ, ಕಣ್ಣೊರೆಸಿಕೊಂಡಳೇ? ಅದೆಲ್ಲ ಸಿನಿಮಾದಲ್ಲಿ.

"ಹದಿನೆಂಟು ದಿನ!" ಎಂದು ಕೂಗಿದಳು. "ಸ್ಟ್ರೋಕ್ ಆದ್ಮೇಲೆ ಕೈ ವಾಪಸ್ ಬರೋದೇ ಆ ಮೊದಲ ದಿನಗಳಲ್ಲಿ, ಗೊತ್ತಾ ನಿಮಗೆ? ಅವರು ಕಷ್ಟಪಡ್ತಾ ಇದ್ರಲ್ಲ, ಅದೇ ಔಷಧ. ಅದನ್ನ ಕಿತ್ಕೊಂಡು ಹತ್ತು ಸೆಕೆಂಡಲ್ಲಿ ಗುಂಡಿ ಹಾಕಿದ್ರಿ. ನಿಮಗೆ ಚೆನ್ನಾಗಿ ಅನ್ನಿಸ್ತು. ಅವರ ಕೈ ಹೋಯ್ತು. ಇನ್ಮೇಲೆ ನನ್ನ ಹತ್ರ ಸಾರಿ ಗೀರಿ ಅಂತ ಬರಬೇಡಿ."

ಅನ್ನಪೂರ್ಣವ್ವ ಸಾರಿ ಹೇಳಿರಲಿಲ್ಲ. ಹೇಳಲು ಹೊರಟಿದ್ದಳು, ನಿಜ.

ತೀರ್ಮಾನಕ್ಕೆ ಒಂದು ವಾರ ಹಿಡಿಯಿತು. ಅನ್ನಪೂರ್ಣವ್ವನಿಗೆ ನೋಟಿಸು ಬಂತು, ಹಾಳೆಗೆ ಸಹಿ ಮಾಡುವ ಅಧಿಕಾರ ಹೋಯಿತು, ಸೋಮವಾರದಿಂದ ಕೌಂಟರು. ಪದ್ಧತಿ ಉಳಿಯಿತು, ವರ್ಣಿಕಾಳೂ ಉಳಿದಳು. ವಾರ್ಡಿನಲ್ಲಿ ತನ್ನ ಕೊನೆಯ ಬೆಳಿಗ್ಗೆ ಅನ್ನಪೂರ್ಣವ್ವ ಮುಕುಂದರ ಹಾಸಿಗೆಯ ಬಳಿ ಬಂದಾಗ ವರ್ಣಿಕಾ ಆಗಲೇ ಅಲ್ಲಿದ್ದಳು. ಹೋಗಿ ಎನ್ನುತ್ತಾಳೆ ಎಂದುಕೊಂಡಳು.

"ಕೂತ್ಕೊಳ್ಳಿ," ಎಂದಳು ವರ್ಣಿಕಾ. "ಮುಟ್ಟಬೇಡಿ. ನೋಡಿ."

ಮುಕುಂದ ಗುಂಡಿಗೆ ಕೈ ಹಾಕಿದರು. ಬೆರಳು ಜಾರಿತು. ಅನ್ನಪೂರ್ಣವ್ವನ ಕೈ ತಾನಾಗಿಯೇ ಮುಂದೆ ಹೋಯಿತು.

"ದೂರ ಇರಮ್ಮ!" ಎಂದು ಮುಕುಂದ ಗದರಿದರು. "ನಿನ್ನ ಉಪಕಾರ ಸಾಕು."

ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಭಾರ ಹಾಕಿ ಕೂತಳು. ಒಂದು ಗುಂಡಿ ಬಿತ್ತು. ಎರಡನೆಯದು ಮೂರನೆಯ ಕಾಜಕ್ಕೆ ಹೋಯಿತು. ಅವಳಿಗೆ ಕಂಡಿತು, ನಾಲಿಗೆಯ ತುದಿಗೂ ಬಂತು, ಕಚ್ಚಿ ಹಿಡಿದಳು. ನಾಲ್ಕಕ್ಕೆ ಬಂದ ಮೇಲೆ ಮುಕುಂದರಿಗೇ ತಿಳಿಯಿತು. ಏನೋ ಬೈದುಕೊಂಡು ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಶುರು ಮಾಡಿದರು. ಅವಳ ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಅವಳು ಮಾಡಿರಲಿಲ್ಲ. ಬೆರಳುಗಳು ಜೋಮು ಹಿಡಿದವು.

ಐದನೆಯ ಗುಂಡಿ ಬಿದ್ದಾಗ ನಲವತ್ತೊಂದು ನಿಮಿಷವಾಗಿತ್ತು. ಮುಕುಂದ ಏದುಸಿರು ಬಿಡುತ್ತ ಅವಳ ಕಡೆ ನೋಡಿದರು.

"ಈಗ ಹಾಕು ಟಿಕ್," ಎಂದರು.

ಅನ್ನಪೂರ್ಣವ್ವ ಜೋಮು ಹಿಡಿದ ಕೈಯನ್ನು ತೊಡೆಯ ಕೆಳಗಿನಿಂದ ಎಳೆದುಕೊಂಡು ಜೇಬಿನ ಪೆನ್ನು ತೆಗೆದಳು.

"ನೀವಲ್ಲ," ಎಂದು ವರ್ಣಿಕಾ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.