ಅನಸುಬಾಯಿ ಸುಮ್ಮನಿದ್ದ ಆರು ಭಾನುವಾರ

ಅನಸುಬಾಯಿ ಅಂಥವರನ್ನು ನಾನು ಬೇರೆಲ್ಲೂ ನೋಡಿಲ್ಲ, ನಿಜವಾಗಲೂ! ಐವತ್ತೆಂಟರ ವಯಸ್ಸು, ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿ ಕಲ್ಲು ಹೊತ್ತೂ ಹೊತ್ತೂ ಒಂದು ಕಡೆ ವಾಲಿದ ಹೆಗಲು, ಅದರ ಮೇಲೆ ಊರಿಗೆಲ್ಲ ಕಣ್ಣು ಮುಚ್ಚಿ ಕೂರುವುದನ್ನು ಕಲಿಸುವ ಕೆಲಸ ಬೇರೆ. ಬುದ್ಧವಿಹಾರದ ಹಿಂದಿನ ತಗಡಿನ ಕೋಣೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಇಪ್ಪತ್ತು ಮಂದಿ ಸೇರುತ್ತಾರೆ. ವಾಡಿಯಿಂದ ಪ್ಯಾಸೆಂಜರ್ ರೈಲು ಹಿಡಿದು ಬರುವ ರಶೀದಾಬೇಗಂ ತಸ್ಬಿಯ ಮಣಿ ಎಣಿಸುತ್ತ ಕೂರುತ್ತಾರೆ, ಲಿಂಗವಂತರು ಅಂಗೈಯಲ್ಲಿ ಲಿಂಗ ಹಿಡಿದು, ಬೌದ್ಧರು ತಮ್ಮ ಉಸಿರು ನೋಡುತ್ತ. ನಿನ್ನ ದಾರಿ ತಪ್ಪು ಅಂತ ಯಾರೂ ಯಾರಿಗೂ ಹೇಳುವುದಿಲ್ಲ.

ಕಟ್ಟಳೆ ಒಂದೇ. ಹೊಸಬರು ಬಂದರೆ ಕೂತವರೆಲ್ಲ ಒಬ್ಬೊಬ್ಬರಾಗಿ ಅವರ ಹೆಸರು ಹಿಡಿದು 'ಸುಖವಾಗಿರಲಿ' ಅನ್ನಬೇಕು. ಒಬ್ಬರು ಅನ್ನದಿದ್ದರೂ ಹೊಸಬರು ಆ ವಾರ ಹೊರಗೆ, ಬೇವಿನ ಗಿಡದ ಕೆಳಗೆ. ಮನಸ್ಸಿಲ್ಲದೆ ಅಂದರೆ ಸುಳ್ಳಾಗುತ್ತದೆ ಅಂತ ಇದನ್ನು ಮಾಡಿದವರು ಅನಸುಬಾಯಿಯೇ. ಹನ್ನೊಂದು ವರ್ಷದಲ್ಲಿ ಯಾರೂ ಹೊರಗೆ ಕೂತಿರಲಿಲ್ಲ.

ಕಳೆದ ಶ್ರಾವಣದಲ್ಲಿ ರೇವಣಪ್ಪ ಸಾವ್ಕಾರರು ಬಂದರು. ಎಂಬತ್ತರ ಹತ್ತಿರದವರು, ಒಂದು ಕಾಲಕ್ಕೆ ದೊಡ್ಡ ಫರ್ಸಿ ಯಾರ್ಡಿನ ಮಾಲೀಕರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ನಿದ್ದೆಯೇ ಇಲ್ಲವಂತೆ. ಹತ್ತೊಂಬತ್ತು ಮಂದಿ ಸುಖವಾಗಿರಲಿ ಅಂದರು. ಅನಸುಬಾಯಿ ಬಾಯಿ ಬಿಡಲಿಲ್ಲ.

ಅನಸುಬಾಯಿಗೆ ಹತ್ತೊಂಬತ್ತಾದಾಗ ಅದೇ ಯಾರ್ಡಿನಲ್ಲಿ ಕಲ್ಲಿನ ರಾಶಿ ಕುಸಿದು ಅವರ ತಾಯಿ ಸತ್ತಿದ್ದರು. ಪೊಲೀಸರು ಬಂದಾಗ ಸಾವ್ಕಾರರು, ಈ ಹೆಣ್ಣುಮಗಳು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ, ದಾರಿಹೋಕಳು ಅಂದರು. ಹನ್ನೆರಡು ವರ್ಷ ದುಡಿದವಳು ದಾರಿಹೋಕಳು! ಅನಸುಬಾಯಿಗೆ ಬೇಕಿದ್ದದ್ದು ಆ ಮಾತನ್ನು ಅದೇ ಬಾಯಿ ವಾಪಸ್ ತೆಗೆದುಕೊಳ್ಳುವುದು.

"ಅಕ್ಕಾ, ಕರುಣಾ ಕರುಣಾ ಅಂತೀವಿ, ಮುದುಕ ಹೊರಗ ಕುಂತಾನ," ಅಂದರು ರಶೀದಾಬೇಗಂ.

"ಕುಂದ್ರಲಿ. ಅವರಿಗಿ ಗಿಡದ ನೆರಳಾದರೂ ಅದ."

"ಇದು ಸೇಡಲ್ಲೇನು?"

"ಸೇಡೇ. ನಾ ಏನ್ ಬುದ್ಧ ಆಗೀನೇನು? ಇನ್ನಾ ಕಲೀಲಿಕತ್ತೀನಿ."

ಆರು ಭಾನುವಾರ ಹೀಗೇ! ರಸ್ತೆಯಲ್ಲಿ ಹೋಗುವ ಲಾರಿಯವರು ಹಾರ್ನ್ ಹೊಡೆದು, "ಯಾಕ್ರಿ ಸಾವ್ಕಾರ್ರೆ, ಒಳಗ ಬಿಡವಲ್ಲರೇನ್ರಿ?" ಅಂತ ನಗುತ್ತಿದ್ದರು. ಒಳಗೆ ಅನಸುಬಾಯಿಯ ಮುಚ್ಚಿದ ಕಣ್ಣಿನ ಕೆಳಗೆ ತುಟಿ ಮೆಲ್ಲಗೆ ಅರಳುತ್ತಿತ್ತು. ನಾನು ಕಣ್ಣು ತೆರೆದು ನೋಡಿದ್ದೇನೆ.

ಆರನೇ ವಾರ ಸಾವ್ಕಾರರು ಬಾಗಿಲಿಗೆ ಬಂದು ನಿಂತರು. ಅನಸುಬಾಯಿ ಆ ಸತ್ತವಳ ಮಗಳು ಅಂತ ಅಷ್ಟರಲ್ಲಿ ಯಾರೋ ಅವರ ಕಿವಿಗೆ ಹಾಕಿದ್ದರು. "ಅನಸುಬಾಯಿ, ನಿಮ್ಮವ್ವ ನನ್ನ ಯಾರ್ಡಿನಾಗೇ ದುಡೀತಿದ್ದಳು. ಪೊಲೀಸರ ಮುಂದ ನಾ ಸುಳ್ಳ ಹೇಳ್ದೆ."

"ಆಕಿಗಿ ಹೆಸರ ಇದ್ದಿಲ್ಲೇನ್ರಿ?"

ಸಾವ್ಕಾರರಿಗೆ ಗೊತ್ತಿರಲಿಲ್ಲ! ಹನ್ನೆರಡು ವರ್ಷವೂ 'ಏ ಇಕಿ' ಅಂತಲೇ ಕರೆದಿದ್ದರು.

"ತಿಳ್ಕೊಂಡ್ ಬರ್ರಿ. ನನಗ ಕೇಳಬ್ಯಾಡ್ರಿ."

ಆ ವಾರ ಅವರು ಬಡಿಗೆ ಊರುತ್ತ ಕಲ್ಲು ಹೊರುವವರ ಓಣಿಯಲ್ಲಿ ಮನೆ ಮನೆ ತಿರುಗಿದರು. ಯಾವ ಹೆಂಗಸು ಅಂತ ಎಲ್ಲರೂ ಕೇಳುತ್ತಿದ್ದರು. ಹಾಗಾಗಿ ಪ್ರತಿ ಬಾಗಿಲಲ್ಲೂ ತಮ್ಮ ಸುಳ್ಳನ್ನು ಮೊದಲಿಂದ ತಾವೇ ಹೇಳಬೇಕಾಯಿತು. "ಏನಂದ್ರಿ? ಜೋರ್ಲೆ ಹೇಳ್ರಿ, ಕಿವಿ ಕೇಳಂಗಿಲ್ಲ," ಅಂತ ಒಬ್ಬ ಮುದುಕಿ ಎರಡು ಸಲ ಹೇಳಿಸಿದಳು. ಆಕೆಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ! ಅನಸುಬಾಯಿ ತಮ್ಮ ಹೊಸ್ತಿಲಲ್ಲಿ ನಿಂತು ಎಲ್ಲ ನೋಡಿದರು.

ಏಳನೇ ಭಾನುವಾರ ಸಾವ್ಕಾರರು ಎಲ್ಲರ ಮುಂದೆ ಅಂದರು: "ಮಾಳಮ್ಮ. ಮಾಳಮ್ಮ ನನ್ನ ಯಾರ್ಡಿನಾಗ ಹನ್ನೆರಡು ವರ್ಷ ದುಡಿದಳು. ಅಲ್ಲೇ ಸತ್ತಳು."



"ರೇವಣಪ್ಪ ಸುಖವಾಗಿರಲಿ," ಅಂದರು ಅನಸುಬಾಯಿ. 'ಸಾವ್ಕಾರ' ಅನ್ನಲಿಲ್ಲ, 'ರೇವಣಪ್ಪನವರು' ಅಂತಲೂ ಅನ್ನಲಿಲ್ಲ. ಬರೀ ರೇವಣಪ್ಪ.

ಒಂದು ತಾಸು ಕೂತೆವು. ಮುಗಿದ ಮೇಲೆ ರಶೀದಾಬೇಗಂ ಪಿಸುಗುಟ್ಟಿದರು, "ಮನಸಿನಿಂದ ಅಂದ್ಯಾ ಅಕ್ಕಾ?"

"ಸುಖ ಇರಲಿ ಅಂದಿದ್ದು ಖರೇ. ಮರೀಲಿ ಅಂತ ಅಂದಿಲ್ಲ."

ನೆಲದಿಂದ ಏಳಲಾಗದೆ ಮುದುಕರು ಕೈ ಚಾಚಿದರು. ಅನಸುಬಾಯಿ ಆ ಕೈಯನ್ನೇ ನೋಡುತ್ತ ನಿಂತರು. ಎಬ್ಬಿಸಿದ್ದು ರಶೀದಾಬೇಗಂ.