ಗಲಗಲಿ ಯಾರ್ರೀ?

ಜಮಖಂಡಿಯ ಬಸ್ ನಿಲ್ದಾಣದಲ್ಲಿ ಧ್ವನಿವರ್ಧಕ ಬಾಯಿ ತೆರೆದರೆ ನನಗೆ ನಮ್ಮ ಕಾಲೇಜಿನ ಹಾಜರಿ ಕರೆದಂತೆ ಕೇಳಿಸುತ್ತದೆ. ಗಲಗಲಿ, ಬೆಳಗಲಿ, ತುಬಚಿ, ಬೀಳಗಿ, ಮುಧೋಳ ಎಂದು ಅದು ಒದರುವುದು ಊರುಗಳನ್ನೇ ಆದರೂ, ಊರಿನ ಹೆಸರೇ ಮನುಷ್ಯರ ಅಡ್ಡಹೆಸರಾಗಿರುವ ನಮ್ಮ ಸೀಮೆಯಲ್ಲಿ, ಯಾವ ಬಸ್ಸು ಬಂತೆಂಬುದಕ್ಕಿಂತ ಯಾವ ಪ್ರಾಧ್ಯಾಪಕರು ರಜೆ ಹಾಕಿದ್ದಾರೆಂಬುದೇ ಮೊದಲು ನೆನಪಾಗುತ್ತದೆ. ನಾನೂ ತುಬಚಿ. ಮುತ್ತಜ್ಜ ಬಿಟ್ಟುಬಂದ ಆ ಊರಿಗೆ ನಾನು ಹೋದದ್ದು ಜನ್ಮದಲ್ಲಿ ಎರಡು ಸಲ, ಅದರಲ್ಲೊಂದು ಸಲ ಬಸ್ಸಿನಲ್ಲಿ ನಿದ್ದೆಹೋಗಿ ಮುಂದಕ್ಕೆ ಒಯ್ಯಲ್ಪಟ್ಟದ್ದು.

ವೃತ್ತಿಯಿಂದ ನಾನು ಗ್ರಂಥಪಾಲ. ಅಂದರೆ ಗ್ರಂಥಗಳ ಪಾಲಿಗೆ ಬಿದ್ದವನು. ಈಚೆಗೆ, ಈ ವಯಸ್ಸಿನಲ್ಲಿ ಬೇಡವಾಗಿದ್ದ ಒಂದು ಹುಚ್ಚು ಹತ್ತಿಸಿಕೊಂಡಿದ್ದೇನೆ. ಯಾರು ಯಾವ ಸಂಶೋಧನಾ ಲೇಖನ ಬರೆದರು, ಬರೆಯುವಾಗ ಯಾರ ಲೇಖನವನ್ನು ಉಲ್ಲೇಖಿಸಿದರು ಎಂಬ ಪಟ್ಟಿಯನ್ನೆಲ್ಲ ಗಣಕಯಂತ್ರಕ್ಕೆ ಉಣಿಸಿದರೆ, ಅದು ಬರೆದವರನ್ನೆಲ್ಲ ಚುಕ್ಕಿಗಳಾಗಿಸಿ, ಒಬ್ಬರು ಇನ್ನೊಬ್ಬರನ್ನು ನೆನೆದದ್ದನ್ನು ಗೆರೆಗಳಾಗಿಸಿ, ವಿದ್ವತ್ತಿನ ಒಂದು ರಂಗೋಲಿಯನ್ನೇ ಹಾಕಿಕೊಡುತ್ತದೆ. ಹೆಚ್ಚು ನೆನೆಯಲ್ಪಟ್ಟವರ ಚುಕ್ಕಿ ದೊಡ್ಡದು, ಯಾರೂ ನೆನೆಯದವರದು ಸಾಸಿವೆ. ನನ್ನ ಚುಕ್ಕಿ ಎಷ್ಟಿತ್ತೆಂದು ದಯವಿಟ್ಟು ಕೇಳಬೇಡಿ, ಅದನ್ನು ಕಾಣಲು ನಾನೇ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಇದನ್ನೆಲ್ಲ ಕೇಳಿದ ನಮ್ಮ ಪ್ರಾಚಾರ್ಯರು, ನಾಲ್ಕು ತಾಲ್ಲೂಕುಗಳ ಸಂಶೋಧಕರ ನಕ್ಷೆಯೊಂದನ್ನು ವಾರ್ಷಿಕ ಸಮಾರಂಭಕ್ಕೆ ಗೋಡೆಯ ಮೇಲೆ ತೂಗುಹಾಕಬೇಕೆಂದು ಅಪ್ಪಣೆ ಮಾಡಿದರು.

ಮೊದಲ ಪ್ರತಿಯನ್ನು ಹೆಮ್ಮೆಯಿಂದ ಮನೆಗೆ ತಂದು ಹಾಸಿದೆ. ಬನಹಟ್ಟಿಯ ಮಗಳಾದ ನನ್ನ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿ, "ಬಸ್ಸಿನ ನಕ್ಷಾ ಯಾಕ ತಂದೀರಿ? ಮತ್ತ ಇದು ತಪ್ಪೈತಿ. ಗಲಗಲಿಯಿಂದ ಬೆಳಗಲಿಗೆ ಇಷ್ಟ ಬಸ್ ಎಲ್ಲದಾವ್ರಿ?" ಎಂದಳು.

ನಾನು ನಕ್ಕೆ. ಆಮೇಲೆ ನಗು ನಿಂತಿತು, ಏಕೆಂದರೆ ಅವಳ ಪ್ರಶ್ನೆ ಸರಿಯಾಗಿತ್ತು. ಬೆಳಗಲಿ ಎಂಬ ಚುಕ್ಕಿ ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ವಸುಧಾ ಬೆಳಗಲಿ ಮೇಡಂ ಅವರದು. ಅವರು ಬರೆದ ಪ್ರತಿಯೊಂದು ಲೇಖನದಿಂದಲೂ ಒಂದು ಗೆರೆ ಹೊರಟು 'ಎಸ್. ಗಲಗಲಿ' ಎಂಬ ಚುಕ್ಕಿಗೆ ಸೇರುತ್ತಿತ್ತು. ಆ ಎಸ್. ಗಲಗಲಿ ಬರೆದದ್ದೋ ಗಲಗಲಿಯ ಹೊಳೆದಂಡೆಯ ಹುಲ್ಲುಗಳ ಮೇಲೆ ಒಂದೇ ಒಂದು ಲೇಖನ. ಎಂಥ ಗುರುಭಕ್ತಿ ಎಂದುಕೊಂಡೆ. ಧೋತರ ಉಟ್ಟು, ದಪ್ಪ ಕನ್ನಡಕ ಹಾಕಿಕೊಂಡ ಒಬ್ಬ ವೃದ್ಧ ವಿದ್ವಾಂಸರನ್ನು ಮನಸ್ಸಿನಲ್ಲೇ ಸೃಷ್ಟಿಸಿಬಿಟ್ಟೆ. ಪ್ರಾಚಾರ್ಯರು ನನಗಿಂತ ಒಂದು ಹೆಜ್ಜೆ ಮುಂದೆ ಹೋದರು: "ಹುಡಕ್ರಿ ಅವರನ್ನ. ಶಾಲು ಹೊಚ್ಚೂಣು."

ಹುಡುಕಲು ಹೋದೆ, ಎಲ್ಲಿಗೆಂದರೆ ಗಲಗಲಿಗೆ! ನನ್ನ ಬುದ್ಧಿವಂತಿಕೆಗೆ ನೀವೇ ಒಂದು ಶಾಲು ಹೊದಿಸಬೇಕು. ಚಹಾದಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನ ಪ್ರಶ್ನೆಯನ್ನು ಎರಡು ಸಲ ಹೇಳಿಸಿಕೊಂಡು, "ಗಲಗಲ್ಯಾಗ ಗಲಗಲಿ ಅನ್ನಾವ್ರು ಎಲ್ಲಿಂದ ಬರಬೇಕೋ ತಮ್ಮಾ? ಇಲ್ಲೇ ಇರಾವ್ರಿಗೆ ಊರ ಹೆಸರು ಯಾಕ ಬೇಕು? ಊರು ಬಿಟ್ಟು ಹೋಗಾವ್ರು ಕಟಗೊಂಡು ಹೋಗ್ತಾರ, ಬುತ್ತಿ ಕಟಗೊಂಡು ಹ್ವಾದಂಗ" ಎಂದರು. ಪುಸ್ತಕಗಳ ನಡುವೆ ಮೂವತ್ತು ವರ್ಷ ಕಳೆದವನಿಗೆ ಹೊಳೆಯದ ಮಾತು ಅವರಿಗೆ ಅರ್ಧ ಕಪ್ ಚಹಾದಲ್ಲಿ ಹೊಳೆದಿತ್ತು.

ಬೇರೆ ದಾರಿಯಿಲ್ಲದೆ ಗಣಕಯಂತ್ರವನ್ನು ಬಗಲಿಗೆ ಹಾಕಿಕೊಂಡು ಬೆಳಗಲಿ ಮೇಡಂ ಅವರ ಮನೆಗೇ ಹೋದೆ. ಮೊದಲೇ ಹೋಗಬಹುದಿತ್ತಲ್ಲ ಎಂದು ನೀವು ಕೇಳುವುದು ನ್ಯಾಯವೇ. ಮೇಡಂಗೆ ಗೊತ್ತಾಗದಂತೆ ಅವರ ಗುರುಗಳನ್ನು ವೇದಿಕೆಗೆ ತಂದು ಅಚ್ಚರಿಪಡಿಸುವ ಹಂಚಿಕೆ ನನ್ನದಾಗಿತ್ತು. ಈಗ ಸೋತು, "ಈ ಎಸ್. ಗಲಗಲಿ ಅನ್ನಾವ್ರು ನಿಮ್ಮ ಗುರುಗಳೇನ್ರಿ ಮೇಡಂ? ಎಲ್ಲಿರ್ತಾರ್ರಿ ಈಗ?" ಎಂದೆ.

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. "ಅಕಿ ನಾನ ಅದೀನ್ರಿ, ತುಬಚಿ ಸರ. ಸುಮಿತ್ರಾ ಗಲಗಲಿ. ಎಂ.ಎಸ್ಸಿ. ಮುಗಿದ ಹೊಸತರಾಗ ಆ ಲೇಖನ ಬರದಿದ್ದೆ. ಮುಂದ ಲಗ್ನದಾಗ ತಾಟಿನ ಅಕ್ಕಿ ಮ್ಯಾಲೆ ಉಂಗುರದಿಂದ ವಸುಧಾ ಅಂತ ಬರದ್ರು. ಅಡ್ಡಹೆಸರೂ ಹೋತು, ಹೆಸರೂ ಹೋತು. ಸುಮಿತ್ರಾ ಆ ಅಕ್ಕಿಯೊಳಗ ಉಳದ್ಲು."

ಕನ್ನಡಕವನ್ನು ಮತ್ತೆ ಹಾಕಿಕೊಂಡು, "ಬೆಳಗಲಿ ಮನಿಯವರು ಭಾಳ ಛಲೋ ಮಂದಿ, ಏನೂ ಕಡಿಮಿ ಮಾಡಲಿಲ್ಲ. ಆದ್ರ ಆ ಹೆಸರಿಂದ ಕರಿಯಾವ್ರು ಒಬ್ಬೊಬ್ಬರ ಹೋಗಿಬಿಟ್ರು. ಅದಕ್ಕ ಏನರ ಬರಿಯೂಮುಂದ ಎಲ್ಲ್ಯರ ಒಂದ ಕಡೆ ಅಕಿ ಹೆಸರು ಹಾಕತಿದ್ದೆ. ಅಕಿನ್ನ ಮಾತಾಡಿಸಿದಂಗ ಆಗ್ತಿತ್ತು" ಎಂದರು.

ಇಲ್ಲಿ ನಾನು ಬಾಯಿಮುಚ್ಚಿಕೊಂಡು ಚಹಾ ಕುಡಿದು ಎದ್ದುಬರಬೇಕಿತ್ತು. ಆದರೆ ಶಾಸ್ತ್ರ ಕಲಿತವನ ಕೈ ಸುಮ್ಮನಿರುವುದಿಲ್ಲ. ಒಬ್ಬರೇ ಇಬ್ಬರಾಗಿ ಕಂಡರೆ ಒಂದುಗೂಡಿಸಬೇಕೆಂಬುದು ನನ್ನ ಶಾಸ್ತ್ರದ ಮೊದಲ ನಿಯಮ. ತನ್ನ ಬರಹವನ್ನು ತಾನೇ ಉಲ್ಲೇಖಿಸಿದರೆ ಅದನ್ನು ಎಣಿಕೆಗೆ ಹಿಡಿಯಬಾರದೆಂಬುದು ಎರಡನೆಯದು. ಅದು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವವರಿಗಾಗಿ ಮಾಡಿದ್ದು. "ಒಂದ ನಿಮಿಷ ರೀ ಮೇಡಂ" ಎಂದು ಗುಂಡಿ ಒತ್ತಿದೆ. ಎರಡು ಚುಕ್ಕಿಗಳು ಸರಿದು ಸರಿದು ಒಂದಾದವು. ನಡುವಿನ ಗೆರೆಗಳೆಲ್ಲ ಮಾಯವಾದವು. ಉಳಿದದ್ದು ಬೆಳಗಲಿ ಎಂಬ ಒಂದೇ ಹೆಸರು.

ಮೇಡಂ ಪರದೆಗೆ ಮುಖ ಹತ್ತಿರ ತಂದು, "ಅಕಿ ಎಲ್ಲಿ ಹ್ವಾದ್ಲ್ರಿ?" ಎಂದರು.

"ನಿಮ್ಮೊಳಗ ಕೂಡಿದ್ಲ್ರಿ ಮೇಡಂ" ಎಂದೆ, ಹೆಮ್ಮೆಯಿಂದ.

"ಹೌದ್ರಿ, ಖರೆ" ಎಂದರು ಅವರು ಮೆಲ್ಲಗೆ. "ಲಗ್ನದಾಗೂ ಹಿಂಗ ಅಂದಿದ್ರು."

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ತಲೆತಗ್ಗಿಸಿ ಮನೆಗೆ ಬಂದೆ. ಅವರ ಇಡೀ ಜೀವನದ ಗುಟ್ಟಿನ ಮಾತುಕತೆಯನ್ನು ಒಂದು ಬೆರಳಿನಿಂದ ಅಳಿಸಿಬಿಟ್ಟಿದ್ದೆನಲ್ಲ!

ಇನ್ನೊಬ್ಬರ ತಪ್ಪನ್ನು ಕಂಡು ನಿಟ್ಟುಸಿರಿಡುವ ಯೋಗ್ಯತೆಯೂ ನನಗಿರಲಿಲ್ಲ. ನಾನೂ ಒಂದು ಕಾಲಕ್ಕೆ ತಾಟಿನ ಅಕ್ಕಿಯಲ್ಲಿ ಉಂಗುರ ಆಡಿಸಿ ಹೆಂಡತಿಯ ಹೆಸರು ಬದಲಿಸಿದವನೇ. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಯನ್ನು, "ನಿನ್ನ ತವರುಮನಿ ಹೆಸರು ನೆನಪೈತೇನು?" ಎಂದು ಕೇಳಿದೆ. ರೊಟ್ಟಿ ಬಡಿಯುವ ಕೈ ನಿಂತಿತು. "ನನಗ ಐತಿ. ನಿಮಗ ಐತೇನ್ರಿ?" ಎಂದಳು. ಇತ್ತು; ಆದರೆ ಅರ್ಧ ರೊಟ್ಟಿ ಮುಗಿಯುವಷ್ಟು ಹೊತ್ತು ಹುಡುಕಬೇಕಾಯಿತು. "ಪಾರ್ವತಿ" ಎಂದೆ. ಅವಳು ಇನ್ನೊಂದು ಬಿಸಿ ರೊಟ್ಟಿ ತಂದು ಹಾಕಿದಳು, ಮೇಲೆ ಕೇಳದೆಯೇ ಬೆಣ್ಣೆ.

ಮರುದಿನ ಗ್ರಂಥಾಲಯದಲ್ಲಿ ಕೂತು ಬಹಳ ತಿಣುಕಿದೆ. ಚುಕ್ಕಿಗಳನ್ನು ಮತ್ತೆ ಬೇರೆ ಮಾಡಿದರೆ ನಕ್ಷೆ ಸುಳ್ಳು ಹೇಳುತ್ತದೆ. ಒಂದಾಗಿ ಬಿಟ್ಟರೆ ನಿಜ ಹೇಳುತ್ತದೆ, ಆದರೆ ಸುಮಿತ್ರಾ ಇರುವುದಿಲ್ಲ. ಒಂದೇ ಚುಕ್ಕಿಗೆ ಎರಡು ಹೆಸರು ಬರೆಯಲು ಯಂತ್ರ ಒಪ್ಪಿತು. ಗೆರೆಯನ್ನು ಮಾತ್ರ, ಏನು ಮಾಡಿದರೂ ಕೊಡಲಿಲ್ಲ. ತಂತ್ರಾಂಶಕ್ಕೆ ತಂತ್ರ ಗೊತ್ತು, ಅಂತರಂಗ ಗೊತ್ತಿಲ್ಲ. ಕೊನೆಗೆ ಅಚ್ಚಾಗಿ ಬಂದ ಹಾಳೆಯ ಮೇಲೆ ಕೆಂಪು ಪೆನ್ನಿನಿಂದ, ಆ ಚುಕ್ಕಿಯಿಂದಲೇ ಹೊರಟು ಸುತ್ತಿಬಂದು ಅದೇ ಚುಕ್ಕಿಗೆ ಸೇರುವ ಒಂದು ಗೆರೆಯನ್ನು ನಾನೇ ಎಳೆದೆ. ಕೆಳಗೆ, 'ಈ ಗೆರೆ ಗ್ರಂಥಪಾಲನದು' ಎಂದು ಸಣ್ಣಗೆ ಬರೆದು ಸಹಿ ಹಾಕಿದೆ. ಪ್ರಾಚಾರ್ಯರು, "ಇದು ಶಾಸ್ತ್ರದಾಗ ಬರ್ತೈತೇನ್ರಿ ತುಬಚಿ?" ಎಂದರು. "ಇಲ್ರಿ ಸರ" ಎಂದೆ. ಅವರು ಒಂದು ಸಲ ಹಾಳೆಯನ್ನು, ಒಂದು ಸಲ ನನ್ನನ್ನು ನೋಡಿ, ಮೊಳೆ ಹೊಡೆಯಲು ಹೇಳಿದರು.

ಸಮಾರಂಭದ ದಿನ ನನ್ನ ಹೆಂಡತಿ ಆ ಗೆರೆಯನ್ನು ಕಂಡು, "ಈ ಬಸ್ ಛಲೋ ಐತಿ ನೋಡ್ರಿ, ಹೊಂಟಲ್ಲಿಗೇ ಹೊಳ್ಳಿ ಬರ್ತೈತಿ" ಎಂದಳು. ಬೆಳಗಲಿ ಮೇಡಂ ನಕ್ಷೆಯ ಮುಂದೆ ಬಹಳ ಹೊತ್ತು ನಿಂತು, ಆ ಕೆಂಪು ಗೆರೆಯ ಮೇಲೆ ಬೆರಳಾಡಿಸಿದರು. ಪ್ರಾಚಾರ್ಯರು ಶಾಲು ಹಿಡಿದು ಬಂದಾಗ, "ಎರಡ ತರ್ರಿ ಸರ, ನಾವು ಇಬ್ಬರದೀವಿ" ಎಂದು ಸಭೆಯನ್ನೆಲ್ಲ ನಗಿಸಿದರು. ನಾನು ಮಾತ್ರ ಕಣ್ಣಿಗೆ ಕಸ ಬಿದ್ದವನಂತೆ ಆಚೆ ತಿರುಗಿದೆ.

ಮೊನ್ನೆ ರಬಕವಿಗೆ ಹೋಗಲೆಂದು ಬಸ್ ನಿಲ್ದಾಣದಲ್ಲಿದ್ದೆ. ಧ್ವನಿವರ್ಧಕ ಎಂದಿನಂತೆ ಹಾಜರಿ ಕರೆಯುತ್ತಿತ್ತು. ಬೆಂಚಿನ ಮೇಲೆ ಮೇಡಂ ಕೂತಿದ್ದರು, ತೊಡೆಯ ಮೇಲೆ ಒಂದು ಕೈಚೀಲ, ಅದರೊಳಗಿಂದ ಇಣುಕುವ, ಸಸ್ಯಗಳನ್ನು ಒತ್ತಿ ಒಣಗಿಸಲು ಬೇಕಾಗುವ ಹಳೆಯ ಪತ್ರಿಕೆಗಳ ಕಟ್ಟು. "ಹೊಳಿದಂಡಿ ಹುಲ್ಲು ಮತ್ತ ಒಮ್ಮೆ ನೋಡಬೇಕ್ರಿ ಸರ. ಸುಮಿತ್ರಾ ಅರ್ಧಾ ಬಿಟ್ಟಿದ್ಲು" ಎಂದರು. ಅಷ್ಟರಲ್ಲಿ ಬಸ್ಸು ಬಂತು. ನಿರ್ವಾಹಕ ಬಾಗಿಲಲ್ಲಿ ಜೋತುಬಿದ್ದು, "ಗಲಗಲಿ ಯಾರ್ರೀ? ಗಲಗಲಿ ಯಾರದೀರಿ?" ಎಂದು ಕೂಗಿದ.

ಬೆಳಗಲಿ ಮೇಡಂ ಎದ್ದುನಿಂತು, ತರಗತಿಯಲ್ಲಿ ಹಾಜರಿ ಹೇಳುವ ಹುಡುಗಿಯಂತೆ ಕೈಯೆತ್ತಿ, "ನಾನ್ರೀ!" ಎಂದರು.