ಕೈ ಎತ್ತದ ಗೊಂಬೆ

ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ನನ್ನನ್ನು ಒಂದು ಕಡೆ ಕೂರಲು ಬಿಡುವುದಿಲ್ಲ. ಮೊನ್ನೆ ಚಿಕ್ಕಬಳ್ಳಾಪುರದ ಬೊಟಿಕ್ ಒಂದರಲ್ಲಿ ಕಾಯುತ್ತಿದ್ದೆ. ನಮ್ಮ ಭಾವನ ಮಗಳ ನಿಶ್ಚಿತಾರ್ಥದ ಬ್ಲೌಸಿನ ಟ್ರಯಲ್. ಎಸಿ ಅಂಗಡಿ, ಗೋಡೆ ತುಂಬ ಕನ್ನಡಿ, ಮೂಲೆಯಲ್ಲಿ ಮಲ್ಲಿಗೆಯ ಸುಳ್ಳು ಪರಿಮಳ ಚಿಮ್ಮುವ ಡಬ್ಬಿ. ಯಾರೋ ಹಿಂದಿನ ಪರದೆ ಸರಿಸಿದರು ನೋಡಿ, ಮೆಷಿನ್ ಎಣ್ಣೆ, ಹೊಸ ಲೈನಿಂಗ್ ಬಟ್ಟೆಯ ಗಂಜಿ, ಇಸ್ತ್ರಿಯ ಬಿಸಿ ಎಲ್ಲಾ ಸೇರಿ ಒಮ್ಮೆಗೇ ಮೂಗಿಗೆ ಬಂತು. ಕುರ್ಚಿಯಿಂದ ಎದ್ದುಬಿಟ್ಟೆ. ಏನಾಯ್ತು ಚಿಕ್ಕಮ್ಮ ಅಂದಳು ಹುಡುಗಿ. ನನಗೆ ನಮ್ಮ ಟೈಲರ್ ಆಂಟಿ ನೆನಪಾಗಿದ್ದರು.

ನನ್ನ ತವರು ಶಿಡ್ಲಘಟ್ಟ. ಎದುರು ಮನೆಯ ಮುಂದಿನ ಕೋಣೆಯೇ ಆಂಟಿಯ ಅಂಗಡಿ. ಅವರಿಗೂ ಕೂತಲ್ಲಿ ಕೂತು ಗೊತ್ತಿರಲಿಲ್ಲ. ಊಟಕ್ಕೆ ಕೂತರೂ, ಭಜನೆಗೆ ಕೂತರೂ, ಕೆಳಗೆ ಮೆಷಿನ್ ಇದೆಯೇನೋ ಅನ್ನುವಂತೆ ಬಲಗಾಲು ತುಳಿಯುತ್ತಲೇ ಇರುತ್ತಿತ್ತು. ಗಿರಾಕಿಗಳ ಹತ್ತಿರ ಕನ್ನಡ, ಮನೆಯೊಳಗೆ ತೆಲುಗು. ಟ್ರಯಲ್ ಹೊತ್ತಿಗೆ ಮಾತ್ರ ಅಂಗಡಿಯಲ್ಲೂ ತೆಲುಗೇ ಬರುತ್ತಿತ್ತು. ಬ್ಲೌಸ್ ತೊಡಿಸಿ ಎದುರು ನಿಲ್ಲಿಸಿಕೊಂಡು, "ಚೆಯ್ಯಿ ಎತ್ತಮ್ಮಾ" ಅನ್ನುವರು. ಎರಡೂ ಕೈಯನ್ನು ತಲೆಯ ಮೇಲೆ ಎತ್ತಬೇಕು, ಬಗ್ಗಬೇಕು, ಅತ್ತಿತ್ತ ತಿರುಗಬೇಕು. ಕಂಕುಳಲ್ಲಿ ಒಂದು ಎಳೆ ಬಿಗಿದರೂ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವರು. ಹೆಂಗಸರು ಬರೀ ಫೋಟೋಗೆ ನಿಲ್ಲುವವರಲ್ಲ, ಅಟ್ಟದಿಂದ ಡಬ್ಬ ಇಳಿಸುವವರು, ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವವರು ಅನ್ನುವುದು ಅವರ ವಾದ. ಚಿಕ್ಕವಳಿದ್ದಾಗ ನನಗೆ ಈ ಕವಾಯತು ಕಂಡರೆ ಸಿಟ್ಟು ಬರುತ್ತಿತ್ತು.

ಒಂದು ಬೇಸಿಗೆಯಲ್ಲಿ ಮೊಮ್ಮಗಳು ರಜೆಗೆ ಬಂದವಳು ಆಂಟಿಯ ಹೊಸ ಫೋನಿಗೆ ಒಂದು ಆಟ ಹಾಕಿಹೋದಳು. ರಾಣಿ ಗೊಂಬೆಗೆ ಬಟ್ಟೆ ತೊಡಿಸುವ ಆಟ. ಗೆದ್ದಷ್ಟೂ ಹೊಸ ತೋಳು, ಹೊಸ ಕಿರೀಟ, ಯಾವ ಬಟ್ಟೆ ಅಂಗಡಿಯಲ್ಲೂ ಸಿಗದ ಹೊಳೆಯುವ ಬಣ್ಣ. ಮೊದಮೊದಲು ಆಂಟಿ ಬೈದುಕೊಂಡೇ ಆಡುತ್ತಿದ್ದರು. ಗೊಂಬೆಯ ಬಟ್ಟೆಗೆ ಹುಕ್ಕಿಲ್ಲ, ಗುಂಡಿಯಿಲ್ಲ, ಜಿಪ್ಪಿಲ್ಲ. "ಇದ್ನ ಇವಳು ಹಾಕ್ಕೊಂಡಿದ್ದಾದ್ರೂ ಹೆಂಗೆ?" ಎಂದು ನನ್ನನ್ನು ಕೇಳುವರು, ನಾನೇ ತೊಡಿಸಿಬಂದವಳ ಹಾಗೆ. ಬರಬರುತ್ತಾ ಬೈಗುಳ ನಿಂತಿತು. ಕಾಲು ಮೆಷಿನ್ನಿನ ಮೇಲೆ, ಕಣ್ಣು ಫೋನಿನ ಮೇಲೆ. ಗೊಂಬೆಯ ತೋಳು ನೋಡಿಕೊಂಡು ಹಳೆ ಪೇಪರ್ ಕತ್ತರಿಸಿ, ಮಡಿಸಿ, ಪಿನ್ನು ಚುಚ್ಚಿ ನೋಡುವರು. ಅರವತ್ತರ ಹೊಸ್ತಿಲಲ್ಲಿ ಹತ್ತಿದ ಹುಚ್ಚು, ಬಿಡುತ್ತದೆಯೇ?

ಅದೇ ಹೊತ್ತಿಗೆ ನಮ್ಮೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಬೊಟಿಕ್ ತೆರೆಯಿತು. ಅಲ್ಲೂ ಗೊಂಬೆಯೇ, ಆದರೆ ದೊಡ್ಡ ಟಿವಿಯಲ್ಲಿ. ನಿಮ್ಮ ಫೋಟೋ ತೆಗೆದು ಗೊಂಬೆಗೆ ನಿಮ್ಮ ಮುಖ ಅಂಟಿಸುವರು. ಬೆರಳಿಂದ ಸವರಿದರೆ ತೋಳು ಬದಲು, ಕತ್ತು ಬದಲು, ಬಣ್ಣ ಬದಲು. ಹೊಲಿಯುವ ಮೊದಲೇ ನಿಮ್ಮನ್ನು ನಿಮಗೆ ತೋರಿಸುವ ಅಂಗಡಿ ಬಿಟ್ಟು ಎದುರು ಮನೆ ಕೋಣೆಗೆ ಯಾರು ಬರುತ್ತಾರೆ? ಹುಡುಗಿಯರೆಲ್ಲಾ ಅತ್ತ ಹೋದರು. ಆಂಟಿಗೆ ಉಳಿದದ್ದು ಸೀರೆಗೆ ಫಾಲ್ ಹಚ್ಚುವುದು, ಲಂಗ, ಅಜ್ಜಿಯರ ಬ್ಲೌಸು.

ನನ್ನ ಮದುವೆ ನಿಶ್ಚಯವಾದ ಸುದ್ದಿ ತಿಳಿದ ದಿನವೇ ಆಂಟಿ ರಸ್ತೆ ದಾಟಿ ನಮ್ಮ ಮನೆಗೆ ಬಂದರು. ಕಾಫಿ ಕೊಟ್ಟರೆ ಕುಡಿಯಲಿಲ್ಲ. ಫೋನ್ ತೆರೆದು ಗೊಂಬೆಯ ಒಂದು ತೋಳು ತೋರಿಸಿದರು. ಭುಜದಿಂದ ಎದ್ದು ಹಿಂದಕ್ಕೆ ಮಡಿಸಿಟ್ಟ ರೆಕ್ಕೆ, ಅದರ ಕೆಳಗೆ ಮೈಗಂಟಿದ ಬಿಗಿ ತೋಳು. ಬೊಟಿಕ್ಕಿನವರು ಟಿವಿಯಲ್ಲಿ ತೋರಿಸುತ್ತಾರೆ, ನಾನು ಮೈಮೇಲೆ ತೋರಿಸುತ್ತೇನೆ ಅಂದರು. ಅಮ್ಮನಿಗೆ ಇಷ್ಟವಿರಲಿಲ್ಲ. ಆಗ ಆಂಟಿ ನನ್ನ ಕಡೆ ತಿರುಗಿದರು.

"ಊರೆಲ್ಲಾ ಬರ್ತಾರೆ ಕಣಮ್ಮ ನಿನ್ ಮದ್ವೇಗೆ. ಇದ್ರಲ್ಲಿ ಗೆದ್ರೆ ಹುಡುಗೀರು ವಾಪಸ್ ಬರ್ತಾರೆ. ಇಲ್ಲಾಂದ್ರೆ ಮೆಷಿನ್‌ಗೆ ಬಟ್ಟೆ ಮುಚ್ತೀನಿ."

ಹೂಂ ಅಂದೆ. ಕರುಣೆಯಿಂದಲ್ಲ, ಆ ತೋಳಿನ ಮೇಲೆ ನನಗೂ ಆಸೆ ಹುಟ್ಟಿತ್ತು.

ರೆಕ್ಕೆ ನಿಲ್ಲಲೆಂದು ಒಳಗೆ ಗಟ್ಟಿ ಕ್ಯಾನ್ವಾಸ್ ಕೊಟ್ಟರು, ಗೊಂಬೆಯ ಹಾಗೇ ಇರಲೆಂದು ಕಂಕುಳ ಹೊಲಿಗೆಯನ್ನು ಬಿಗಿ ಹಿಡಿದರು. ಟ್ರಯಲ್ ದಿನ ಕನ್ನಡಿ ಮುಂದೆ ನಿಂತೆ. ಆಂಟಿ ಫೋನ್ ಹಿಡಿದು ಪಕ್ಕದಲ್ಲಿ ನಿಂತರು. ಗೊಂಬೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗೊಂಬೆ ನೋಡಿದರು. ತಿರುಗು ಅಂದರು. ಗೊಂಬೆ ತಿರುಗುವ ಹಾಗೆಯೇ ನಿಧಾನಕ್ಕೆ ತಿರುಗಿದೆ. ಆಂಟಿಯ ಕಣ್ಣಲ್ಲಿ ನೀರು. ಸದಾ ತುಳಿಯುವ ಆ ಕಾಲೂ ನಿಂತುಹೋಗಿತ್ತು. ಏನೋ ಬಾಕಿ ಉಳಿದಿದೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ... ಅವತ್ತೊಂದು ದಿನ ಆಂಟಿ ಕೈ ಎತ್ತಿಸಿರಲಿಲ್ಲ.

ಮದುವೆ ಕೈವಾರದ ಛತ್ರದಲ್ಲಿ. ಗಂಡಿನವರು ಕೆಂಚಾರ್ಲಹಳ್ಳಿ ಕಡೆಯವರು, ಹುಡುಗ ತೆಂಗಿನಮರದಷ್ಟು ಎತ್ತರ. ಅಂತರಪಟ ಸರಿಯಿತು. ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡಬೇಕು. ಅವರು ಇಟ್ಟೇಬಿಟ್ಟರು. ನಾನು ಕೈ ಎತ್ತಿದೆ. ಭುಜದ ಮಟ್ಟಕ್ಕೆ ಬಂದು ನಿಂತಿತು. ಇನ್ನೊಂದು ಸಲ ಎತ್ತಿದೆ. ಕ್ಯಾನ್ವಾಸ್ ಕತ್ತಿಗೆ ಒತ್ತಿತೇ ಹೊರತು ಕೈ ಮೇಲೇರಲಿಲ್ಲ. ಹುಡುಗನ ಸ್ನೇಹಿತರು ಬಗ್ಗಬೇಡ ಕಣೋ ಎಂದು ಅವರನ್ನು ಹಿಂದಿನಿಂದ ಹಿಡಿದುಕೊಂಡಿದ್ದರು. ಎಲ್ಲರೂ ನಕ್ಕರು. ಆಮೇಲೆ ನಗು ಕಡಿಮೆಯಾಯಿತು. ಹುಡುಗಿಗೆ ಮನಸ್ಸಿದೆಯೋ ಇಲ್ಲವೋ ಎಂದು ಗಂಡಿನ ಕಡೆಯ ಒಬ್ಬ ಮುದುಕಿ ಎಲ್ಲರಿಗೂ ಕೇಳುವಂತೆ ಅಂದರು. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಗೊಣಗಿದರು. ಅಂಗೈಯಲ್ಲಿ ಬೆಲ್ಲ ಕರಗಿ ಅಂಟಂಟಾಗುತ್ತಿತ್ತು. ಅಯ್ಯೋ ಶಿವನೇ, ಈ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಹೆಂಗಸರ ಸಾಲಿನಿಂದ ಯಾರೋ ಎದ್ದು ಬಂದರು. ಆಂಟಿ. ನೂಲು ಕತ್ತರಿಸುವ ಪುಟ್ಟ ಕತ್ತರಿ ಸದಾ ಅವರ ಸೊಂಟದಲ್ಲೇ ಇರುತ್ತಿತ್ತು. ನನ್ನ ಸೆರಗಿನೊಳಗೆ ಕೈ ತೂರಿಸಿ ಎರಡೂ ಕಂಕುಳಿನ ಹೊಲಿಗೆಯನ್ನು ಕತ್ತರಿಸಿಬಿಟ್ಟರು. ವಾರಗಟ್ಟಲೆ ಕೂತು ಹೊಲಿದದ್ದು, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂದ ಹಾಗಾಯಿತು. ಕಿವಿಯಲ್ಲಿ ಮೆಲ್ಲಗೆ ಹೇಳಿದರು.

"ಚೆಯ್ಯಿ ಎತ್ತಮ್ಮಾ."

ಎತ್ತಿದೆ. ಜೀರಿಗೆ ಬೆಲ್ಲ ತಲೆ ಮೇಲೆ ಬಿತ್ತು, ವಾಲಗ ಜೋರಾಯಿತು. ತಿರುಗಿ ನೋಡುವಷ್ಟರಲ್ಲಿ ಆಂಟಿ ಇರಲಿಲ್ಲ. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ್ದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೂ ನೆಮ್ಮದಿ ಇರುತ್ತಿತ್ತು. ಫೋಟೋಗ್ರಾಫರ್ ಆ ಕ್ಷಣವನ್ನೇ ಹಿಡಿದಿದ್ದ. ನನ್ನ ಕೈ ಮೇಲೆ, ಭುಜದಲ್ಲಿ ಬಿಚ್ಚಿಕೊಂಡ ರೆಕ್ಕೆ, ಹಸಿರು ಬ್ಲೌಸಿನ ಸೀಳಿದ ಕಂಕುಳಿನಿಂದ ಇಣುಕುವ ಕೆಂಪು ಲೈನಿಂಗು. ಆ ಫೋಟೋ ಫೋನಿಂದ ಫೋನಿಗೆ ಓಡಿತು. ಸೀಳನ್ನೇ ಡಿಸೈನ್ ಅಂದುಕೊಂಡರು ಜನ! ಹುಡುಗಿಯರು ಹಿಂಡುಗಟ್ಟಿ ಎದುರು ಮನೆಗೆ ಬಂದರು, ಅದೇ ಬೇಕು, ಹಾಗೇ ಬೇಕು ಎಂದರು. ಆಂಟಿ ಕೇಳಿಕೊಂಡದ್ದು ಇದನ್ನೇ ಅಲ್ಲವೇ? ಆದರೆ ಅವರು ಒಪ್ಪಲಿಲ್ಲ. ಸೀಳಿನ ಬದಲು ಕಂಕುಳಿಗೆ ಬಟ್ಟೆಯ ಪಟ್ಟಿ ಕೊಟ್ಟು ಕೈ ಸಲೀಸಾಗಿ ಏಳುವಂತೆ ಹೊಲಿದುಕೊಡುತ್ತೇನೆ ಅಂದರು. ಪಟ್ಟಿ ಕೊಟ್ಟರೆ ಲುಕ್ ಹಾಳು ಅಂದರು ಹುಡುಗಿಯರು. ತವರಿಗೆ ಬಂದಾಗ ನಾನು ಹೋಗಿ ಜಗಳವೇ ಆಡಿದೆ. ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಯಾರಾದರೂ ಒದೆಯುತ್ತಾರಾ ಎಂದು ಕೇಳಿದೆ.

"ಅದು ನನ್ ತಪ್ಪು ಕಣಮ್ಮ. ಅದಕ್ಕೊಂದ್ ಹೆಸರಿಟ್ಟು ಮಾರಕ್ಕೆ ನಂಗಾಗಲ್ಲ" ಅಂದರು.

ಆಂಟಿಗೆ ಆಗದ್ದು ಬೊಟಿಕ್ಕಿನವರಿಗೆ ಆಯಿತು. ಸೀಳಿಗೆ ಇಂಗ್ಲಿಷಿನ ಒಂದು ಹೆಸರಿಟ್ಟರು, ಅಳಿಯ ಅಲ್ಲ ಮಗಳ ಗಂಡ ಅನ್ನುವ ಹಾಗೆ. ಆ ವರ್ಷ ಶಿಡ್ಲಘಟ್ಟ, ಚಿಂತಾಮಣಿಯ ಯಾವ ಮದುವೆಗೆ ಹೋದರೂ ಹುಡುಗಿಯರ ಕಂಕುಳಲ್ಲಿ ನನ್ನ ಮಾನ ಉಳಿಸಿದ ಆ ಸೀಳು. ಆಂಟಿ ಹೇಳಿದಂತೆ ಮೆಷಿನ್‌ಗೆ ಬಟ್ಟೆ ಮುಚ್ಚಿ, ಗೌರಿಬಿದನೂರಿನ ಮಗಳ ಮನೆಗೆ ಹೋದರು.

ಅವತ್ತಿನಿಂದ ನನ್ನ ಕಣ್ಣಿಗೆ ಸಮಾಧಾನವಿಲ್ಲ, ಎಲ್ಲಿ ನೋಡಿದರೂ ಫೋನು, ಕಂಪ್ಯೂಟರಿನ ಆಟಗಳಿಂದ ಇಳಿದು ಬಂದ ಆಕಾರಗಳೇ. ಚಿಂತಾಮಣಿಯ ಕಟಿಂಗ್ ಶಾಪಿನಲ್ಲಿ ಕಾರ್ ರೇಸ್ ಆಡುವವರ ಕೆಂಪು ಕಪ್ಪು ಕುರ್ಚಿ ಬಂದಿದೆ, ಕೂತವರ ಕತ್ತು ಹಿಂದಕ್ಕೆ ಬಗ್ಗುವುದಿಲ್ಲ, ಪಾಪ ಕ್ಷೌರದವನು ಸುತ್ತ ಸುತ್ತ ಒದ್ದಾಡುತ್ತಾನೆ. ಸ್ಕೂಟರುಗಳಿಗೆ ಆಟದ ರಾಕ್ಷಸರ ಕಣ್ಣು. ಮಕ್ಕಳ ನೀರಿನ ಬಾಟಲಿ ಚೌಕ ಚೌಕ, ತೊಳೆಯಲು ಮೂಲೆಗೆ ಕೈ ಹೋಗದು. ಮದುವೆ ಸ್ಟೇಜಿನ ನೇರಳೆ ಬೆಳಕಿನಲ್ಲಿ ಮದುಮಗಳ ಅರಿಶಿನ ಕಪ್ಪಗೆ ಕಾಣುತ್ತದೆ. ಚೆನ್ನಾಗಿಲ್ಲ ಅಂತಲ್ಲ, ಚೆನ್ನಾಗಿಯೇ ಇವೆ. ಆದರೆ ಯಾವುದನ್ನು ಕಂಡರೂ, ಇದನ್ನು ಮಾಡಿದವರು ಯಾರನ್ನಾದರೂ ನಿಲ್ಲಿಸಿ ಕೈ ಎತ್ತಿಸಿ ನೋಡಿದರೇ ಎಂದು ಒಳಗೆ ಕೆರೆಯುತ್ತದೆ. ಮನೆಯವರು ನಿನಗೆ ಸುಮ್ಮನಿರಲು ಬರುವುದಿಲ್ಲ ಅನ್ನುತ್ತಾರೆ. ನಿಜ, ಬರುವುದಿಲ್ಲ.

ಗೌರಿಬಿದನೂರಿಗೆ ಒಮ್ಮೆ ಹೋಗಿದ್ದೆ. ಆಂಟಿಗೆ ಲಕ್ವ ಹೊಡೆದಿತ್ತು, ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು, ಬಲಗಾಲೂ ಸುಮ್ಮನಿತ್ತು. ಆ ಕಾಲು ಸುಮ್ಮನಿರುವುದನ್ನು ನನ್ನಿಂದ ನೋಡಲಾಗಲಿಲ್ಲ. ಎಡಗೈಯಲ್ಲಿ ಫೋನು, ಅದರಲ್ಲಿ ಅದೇ ಆಟ. ಗೊಂಬೆಯನ್ನು ನನಗೆ ತೋರಿಸಿ ಸೊಟ್ಟ ಬಾಯಲ್ಲೇ ನಕ್ಕರು.

"ಇವಳ್ಗೂ ಕೈ ಎತ್ತಕ್ ಬರಲ್ಲ, ನಂಗೂ ಬರಲ್ಲ. ಜೋಡಿ ಆದ್ವಿ ನೋಡು."

ನಾನೂ ನಕ್ಕೆ. ಹೊರಗೆ ಬಂದು ಅತ್ತೆ. ಮತ್ತೆ ಬರುತ್ತೇನೆ ಅಂದಿದ್ದೆ... ಮತ್ತೆ ಹೋದದ್ದು ಅವರ ಹನ್ನೊಂದನೆಯ ದಿನಕ್ಕೆ.

ಮೊನ್ನೆ ಬೊಟಿಕ್ಕಿನಲ್ಲಿ ಎದ್ದು ನಿಂತವಳಿಗೆ ಎದುರಿನ ಟಿವಿ ಕಂಡಿತು. ನಮ್ಮ ಹುಡುಗಿಯ ಮುಖ ಅಂಟಿಸಿಕೊಂಡ ಗೊಂಬೆ ಮೆಲ್ಲಗೆ ತಿರುಗುತ್ತಿತ್ತು. ಭುಜದಲ್ಲಿ ರೆಕ್ಕೆ. ಕಂಕುಳಲ್ಲಿ ಸಣ್ಣ ಸೀಳು, ಸೀಳಿನೊಳಗೆ ಕೆಂಪು. ಆಟದಿಂದ ಆಂಟಿ ಇಳಿಸಿ ತಂದ ತೋಳು, ಅವರ ಕತ್ತರಿಯ ಗುರುತನ್ನೂ ಹೊತ್ತುಕೊಂಡು ಮತ್ತೆ ಗೊಂಬೆಯ ಮೈಗೇ ಹೋಗಿ ಸೇರಿತ್ತು. ಅಂಗಡಿಯ ಹುಡುಗಿಯನ್ನು ಕೇಳಿದೆ, ಈ ಗೊಂಬೆಗೆ ಕೈ ಎತ್ತಲು ಬರುತ್ತದಾ ಎಂದು. ಅವಳು ಬೆರಳಿಂದ ಎರಡು ಸಲ ಸವರಿ ನೋಡಿದಳು.

"ಆ ಆಪ್ಷನ್ ಇಲ್ಲ ಆಂಟಿ" ಅಂದಳು.

ನಮ್ಮ ಹುಡುಗಿ ಬ್ಲೌಸ್ ತೊಟ್ಟು ಹೊರಗೆ ಬಂದು ಕನ್ನಡಿ ಮುಂದೆ ನಿಂತಳು. ಹೇಗಿದೆ ಚಿಕ್ಕಮ್ಮ ಅಂದಳು. ಕೈ ಎತ್ತಮ್ಮ ಅಂದೆ. ಎರಡೂ ಕೈ ಎತ್ತಿದಳು. ಕಂಕುಳ ಸೀಳು ತೆರೆದು ಕೆಂಪು ಇಣುಕಿತು, ಎಲ್ಲೂ ಬಿಗಿಯಲಿಲ್ಲ, ಕೈಗಳು ಸಲೀಸಾಗಿ ತಲೆಯ ಮೇಲಕ್ಕೆ ಹೋದವು. ಯಾಕೆ ಹೋದವು ಅನ್ನುವುದು ಆ ಅಂಗಡಿಯಲ್ಲಿ ನನ್ನೊಬ್ಬಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.